ಫ್ರಿಜ್ ಇಲ್ಲದ ಮನೆ, ದಿನಕ್ಕೆ ನಾಲ್ಕು ಸೂಜಿ: ಮಗಳ ಇನ್ಸುಲಿನ್ ನಿಲ್ಲಿಸಬಹುದಾ?

ಪ್ರಶ್ನೆ: ನಾವು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯವರು. ಕೂಲಿ ಮಾಡಿ ಬದುಕುತ್ತೇವೆ. ಮಗಳಿಗೆ 9 ವರ್ಷ, ನಾಲ್ಕನೇ ಕ್ಲಾಸು. ಸಂಕ್ರಾಂತಿ ಹೊತ್ತಿಗೆ ಒಂದೇ ಸಮನೆ ನೀರು ಕುಡಿಯತೊಡಗಿದಳು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದಳು. ಸೊರಗಿ ಕಡ್ಡಿಯಾದಳು. ಊರ ಹತ್ತಿರ ತೋರಿಸಿದಾಗ ನಿಶ್ಶಕ್ತಿ ಎಂದು ಗ್ಲೂಕೋಸ್ ಬಾಟಲಿ ಏರಿಸಿದರು. ಮರುದಿನ ಏದುಸಿರು ಬಂದು ಎಚ್ಚರ ತಪ್ಪಿತು. ರಾಯಚೂರಿಗೆ ಒಯ್ದೆವು, ಐದು ದಿನ ಐಸಿಯುನಲ್ಲಿ ಇಟ್ಟು ಉಳಿಸಿದರು. ಟೈಪ್ 1 ಡಯಾಬಿಟಿಸ್ ಎಂದರು. ಈಗ ದಿನಕ್ಕೆ ನಾಲ್ಕು ಸಲ ಪೆನ್ ಇನ್ಸುಲಿನ್. ಸಕ್ಕರೆ ನೋಡುವ ಸ್ಟ್ರಿಪ್ ಸೇರಿ ತಿಂಗಳಿಗೆ ಮೂರು ಸಾವಿರ ದಾಟುತ್ತದೆ. ಆರೋಗ್ಯ ಕಾರ್ಡ್ ತೋರಿಸಿದರೆ ಅಡ್ಮಿಟ್ ಆದರೆ ಮಾತ್ರ ಎನ್ನುತ್ತಾರೆ. ಮನೆಯಲ್ಲಿ ಫ್ರಿಜ್ ಇಲ್ಲ. ಕಿರಾಣಿ ಅಂಗಡಿಯ ಫ್ರಿಜ್‌ನಲ್ಲಿ ಇಡುತ್ತೇವೆ, ಒಮ್ಮೆ ಗಡ್ಡೆ ಕಟ್ಟಿತ್ತು. ನಮ್ಮ ಅತ್ತೆ ಯಾರೋ ಒಬ್ಬರಿಂದ ಬೇರಿನ ಪುಡಿ ತಂದು ಕೊಟ್ಟರು. ಯುಗಾದಿ ಹೊತ್ತಿಗೆ ದಿನಕ್ಕೆ 20 ಯೂನಿಟ್ ಇದ್ದ ಇನ್ಸುಲಿನ್ 8ಕ್ಕೆ ಇಳಿಯಿತು. ಈಗ ಮತ್ತೆ ಸಕ್ಕರೆ ಏರುತ್ತಿದೆ. ಪುಡಿ ಕೊಟ್ಟವರು, ಸೂಜಿಯಿಂದಲೇ ಏರುತ್ತಿದೆ, ಪೂರಾ ನಿಲ್ಲಿಸಿ ಎನ್ನುತ್ತಿದ್ದಾರೆ. ಶಾಲೆಯವರು, ಇಲ್ಲಿ ಏನಾದರೂ ಆದರೆ ನಾವು ಹೊಣೆ ಅಲ್ಲ ಎನ್ನುತ್ತಾರೆ. ದೀಪಾವಳಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗಬೇಕು. ಮಗಳನ್ನು ಕರೆದುಕೊಂಡು ಹೋಗಲಾ, ಅತ್ತೆಯ ಹತ್ತಿರ ಬಿಡಲಾ? ಸೂಜಿ ನಿಲ್ಲಿಸಿ ನೋಡಬಹುದಾ? (ಪಕ್ಕದ ಮನೆಯ ಹುಡುಗನಿಂದ ಟೈಪ್ ಮಾಡಿಸಿದ್ದೇನೆ.)

ಉತ್ತರ: ತಾಯಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಇನ್ಸುಲಿನ್ ನಿಲ್ಲಿಸಬೇಡಿ. ಒಂದು ದಿನವೂ ಬೇಡ. ದುಡ್ಡು, ಫ್ರಿಜ್, ಶಾಲೆ, ಗುಳೆ, ಇವೆಲ್ಲಕ್ಕೂ ಏನಾದರೂ ದಾರಿ ಹುಡುಕಬಹುದು. ಇನ್ಸುಲಿನ್ ಇಲ್ಲದೆ ನಿಮ್ಮ ಮಗಳನ್ನು ಉಳಿಸುವ ದಾರಿ ಮಾತ್ರ ಇಲ್ಲ.

ಈಗ ಪುಡಿಯ ಮಾತು. ಪುಡಿ ಕೊಟ್ಟ ಮೇಲೆ ಡೋಸ್ ಇಳಿದದ್ದು ನೀವು ಕಣ್ಣಾರೆ ಕಂಡದ್ದು. ನಿಮ್ಮ ಅತ್ತೆ ಸುಳ್ಳು ಹೇಳುತ್ತಿಲ್ಲ. ಆದರೆ ಅದು ಪುಡಿ ಕೊಡದಿದ್ದರೂ ಇಳಿಯುತ್ತಿತ್ತು. ಯಾಕೆ ಅಂತ ಹೇಳುತ್ತೇನೆ.

ಹೊಟ್ಟೆಯೊಳಗೆ ಮೇದೋಜೀರಕ ಎಂಬ ಗ್ರಂಥಿ ಇದೆ. ಇನ್ಸುಲಿನ್ ಮಾಡುವ ಜೀವಕೋಶಗಳು ಅದರಲ್ಲಿವೆ. ಟೈಪ್ 1ರಲ್ಲಿ, ರೋಗಾಣುಗಳ ಜೊತೆ ಹೋರಾಡಬೇಕಾದ ದೇಹದ ಶಕ್ತಿಯೇ ದಾರಿ ತಪ್ಪಿ ಆ ಜೀವಕೋಶಗಳನ್ನು ಸಾಯಿಸುತ್ತದೆ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಬಹುಪಾಲು ಸತ್ತಿರುತ್ತವೆ, ಸ್ವಲ್ಪ ಉಳಿದಿರುತ್ತವೆ. ಏರಿದ ಸಕ್ಕರೆಯ ಹೊಡೆತಕ್ಕೆ ಆ ಉಳಿದವೂ ಸುಸ್ತಾಗಿ ಕೂತಿರುತ್ತವೆ. ಹೊರಗಿನಿಂದ ಇನ್ಸುಲಿನ್ ಕೊಟ್ಟಾಗ ಅವಕ್ಕೆ ಬಿಡುವು ಸಿಗುತ್ತದೆ. ಚೇತರಿಸಿಕೊಂಡು ಕೆಲವು ವಾರ, ಕೆಲವು ತಿಂಗಳು ಕೆಲಸ ಮಾಡುತ್ತವೆ. ಆಗ ಡೋಸ್ ಇಳಿಯುತ್ತದೆ. ಇದಕ್ಕೆ ನಾವು ಹನಿಮೂನ್ ಕಾಲ ಎನ್ನುತ್ತೇವೆ. ಎಷ್ಟೋ ಮಕ್ಕಳಲ್ಲಿ ಇದು ಬರುತ್ತದೆ. ಮನೆಯವರು ಪುಡಿ, ಕಷಾಯ, ಹರಕೆ ಎಂದು ಓಡಾಡುವುದೂ ಇದೇ ತಿಂಗಳುಗಳಲ್ಲಿ. ಹಾಗಾಗಿ ಹೆಸರು ಪುಡಿಗೆ ಹೋಗುತ್ತದೆ. ಆಮೇಲೆ ಆ ಉಳಿದ ಜೀವಕೋಶಗಳೂ ಹೋಗುತ್ತವೆ, ಸಕ್ಕರೆ ಮತ್ತೆ ಏರುತ್ತದೆ. ನಿಮ್ಮ ಮಗಳಿಗೆ ಈಗ ಆಗುತ್ತಿರುವುದು ಇದೇ. ಸೂಜಿಯಿಂದ ಏರುತ್ತಿಲ್ಲ. ಸೂಜಿಯ ಡೋಸ್ ಹೆಚ್ಚಿಸುವ ಕಾಲ ಬಂದಿದೆ, ಅಷ್ಟೇ.

ಈ ಹೊತ್ತಿನಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತ ಹುಳಿಯಾಗತೊಡಗುತ್ತದೆ. ಸಕ್ಕರೆಯನ್ನು ಬಳಸಲಾಗದೆ ದೇಹ ಕೊಬ್ಬನ್ನು ಸುಡುತ್ತದೆ, ಅದರ ಆಮ್ಲ ರಕ್ತದಲ್ಲಿ ತುಂಬುತ್ತದೆ. ವಾಂತಿ, ಹೊಟ್ಟೆನೋವು, ಜೋರಾದ ಆಳವಾದ ಉಸಿರು, ಬಾಯಿಂದ ಹಣ್ಣು ಕೊಳೆತಂಥ ವಾಸನೆ, ಆಮೇಲೆ ಮಂಪರು. ಸಂಕ್ರಾಂತಿಯಲ್ಲಿ ನೀವು ನೋಡಿದ್ದು ಇದನ್ನೇ. ಪುಡಿ ನಂಬಿ ಸೂಜಿ ಬಿಟ್ಟು ಬಂದ ಮಕ್ಕಳನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಕೆಲವರು ಉಳಿದಿದ್ದಾರೆ. ಉಳಿಯದವರ ಅಪ್ಪ ಅಮ್ಮಂದಿರ ಮುಖ ನನಗೆ ಇವತ್ತಿಗೂ ನೆನಪಿದೆ. ಅವರು ಯಾರೂ ಮಗುವಿನ ಮೇಲೆ ಪ್ರೀತಿ ಇಲ್ಲದವರಲ್ಲ.

ಇನ್ನೊಂದು ಮಾತು ನಿಮ್ಮ ಅತ್ತೆಗೆ ಹೇಳಿ. ಸೂಜಿ ಅಭ್ಯಾಸವಾಗಿಬಿಡುತ್ತದೆ ಎನ್ನುವ ಹೆದರಿಕೆ ಎಲ್ಲ ಊರಿನಲ್ಲೂ ಇದೆ. ಇನ್ಸುಲಿನ್ ಚಟ ಅಲ್ಲ. ನಮ್ಮೆಲ್ಲರ ದೇಹ ದಿನವೂ ಮಾಡಿಕೊಳ್ಳುವ ವಸ್ತು ಅದು. ನಿಮ್ಮ ಮಗಳ ದೇಹ ಮಾಡುತ್ತಿಲ್ಲ, ನಾವು ಹೊರಗಿನಿಂದ ಕೊಡುತ್ತಿದ್ದೇವೆ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಸಾವಿನ ಬಾಗಿಲಲ್ಲಿದ್ದ ಅವನು ಇನ್ನೂ 13 ವರ್ಷ ಬದುಕಿದ. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಉಪವಾಸ ಕೆಡವಿ ಸ್ವಲ್ಪ ದಿನ ಉಳಿಸಿಕೊಳ್ಳುವುದು ಬಿಟ್ಟರೆ ಯಾರ ಕೈಯಲ್ಲೂ ಏನೂ ಇರಲಿಲ್ಲ. ಇವತ್ತು ಈ ಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ಮದುವೆಯಾಗಿ ಮಕ್ಕಳನ್ನು ಹೆರುತ್ತಾರೆ. ಎಲ್ಲ ಆ ಸೂಜಿಯಿಂದ.

ಬೆಲ್ಲ ಸಕ್ಕರೆ ಜಾಸ್ತಿ ತಿನ್ನಿಸಿದ್ದರಿಂದ ಬಂತಾ ಎಂದು ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಇರುತ್ತದೆ ಅಲ್ವಾ? ಅದರಿಂದ ಬಂದದ್ದಲ್ಲ. ನೀವು ಬಸುರಿಯಾಗಿದ್ದಾಗ ಏನೋ ತಪ್ಪು ಮಾಡಿದ್ದರಿಂದಲೂ ಅಲ್ಲ. ಮಗು ಒಂದೇ ಸಮನೆ ನೀರು ಕುಡಿದು, ಮೂತ್ರ ಮಾಡಿ, ಸೊರಗುತ್ತಿದ್ದರೆ ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದರೆ ಸಾಕಿತ್ತು. ಅರ್ಧ ನಿಮಿಷದ ಕೆಲಸ. ನೋಡದೆ ಗ್ಲೂಕೋಸ್ ಏರಿಸಿದ್ದು ದೊಡ್ಡ ತಪ್ಪು. ನಿಮ್ಮ ಬೀದಿಯಲ್ಲಿ ಇನ್ನೊಂದು ಮಗುವಿಗೆ ಹೀಗೆ ಕಂಡರೆ, ಸಕ್ಕರೆ ನೋಡಿ ಎಂದು ನೀವೇ ಗಟ್ಟಿಯಾಗಿ ಹೇಳಿ.

ಸರ್ಕಾರದ ವ್ಯವಸ್ಥೆ ನಿಮಗೆ ಯಾಕೆ ಕೈಗೆ ಸಿಗುತ್ತಿಲ್ಲ ಎನ್ನುವುದೂ ಗೊತ್ತಿರಲಿ. ಸಕ್ಕರೆ ಕಾಯಿಲೆಯ ತಪಾಸಣೆ ಕಾರ್ಯಕ್ರಮ 30 ವರ್ಷ ದಾಟಿದವರಿಗೆ ಅಂತ ಮಾಡಿದ್ದು. ಶಾಲೆಗೆ ಬಂದು ಮಕ್ಕಳ ಆರೋಗ್ಯ ನೋಡುವ ಆರ್‌ಬಿಎಸ್‌ಕೆ ತಂಡಕ್ಕೆ ಮೊದಲು ಕೊಟ್ಟ ಕಾಯಿಲೆಗಳ ಪಟ್ಟಿಯಲ್ಲಿ ಟೈಪ್ 1 ಇರಲಿಲ್ಲ. 2016ರ ಅಂಗವಿಕಲರ ಕಾಯ್ದೆಯಲ್ಲಿ ಥಲಸ್ಸೀಮಿಯಾ, ಹಿಮೋಫೀಲಿಯಾ, ಸಿಕಲ್ ಸೆಲ್ ಸೇರಿವೆ, ಡಯಾಬಿಟಿಸ್ ಸೇರಿಲ್ಲ. ಹಾಗಾಗಿ ಅಂಗವಿಕಲರ ಕಾರ್ಡಿಗೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದಾಗ. ಮಗು ಎಚ್ಚರ ತಪ್ಪಿದರೆ ಕಾರ್ಡ್ ನಡೆಯುತ್ತದೆ. ಎಚ್ಚರ ತಪ್ಪದಂತೆ ನೋಡಿಕೊಳ್ಳುವ ದಿನದ ಔಷಧಿಗೆ ನಡೆಯುವುದಿಲ್ಲ. ನನಗೆ ಇದು ಸರಿ ಅಂತ ಯಾವತ್ತೂ ಅನ್ನಿಸಿಲ್ಲ. ಆದರೂ ಕಾರ್ಡನ್ನು ಜೋಪಾನವಾಗಿಡಿ, ಅದು ಬೇಕಾಗುವ ರಾತ್ರಿ ಬರಬಹುದು.

ಹಾಗಾದರೆ ದಿನದ ಇನ್ಸುಲಿನ್ ಎಲ್ಲಿಂದ? ನಿಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಪೆನ್ನಿನದು. ಪೆನ್ನಿನ ಹೊಸ ಬಗೆಯ ಇನ್ಸುಲಿನ್ ಒಳ್ಳೆಯದು, ಊಟಕ್ಕೆ ಕೂರುವಾಗ ಹಾಕಬಹುದು, ರಾತ್ರಿ ಸಕ್ಕರೆ ಬೀಳುವುದು ಕಡಿಮೆ. ಆದರೆ ದುಡ್ಡಿಲ್ಲದೆ ತಿಂಗಳ ಕೊನೆಯ ವಾರ ಡೋಸ್ ತಪ್ಪಿದರೆ ಆ ಒಳ್ಳೆಯತನದಿಂದ ಏನೂ ಉಪಯೋಗವಿಲ್ಲ. ಇನ್ನೊಂದು ದಾರಿ ಬಾಟಲಿಯಲ್ಲಿ ಬರುವ ಹ್ಯೂಮನ್ ಇನ್ಸುಲಿನ್. ತಿಳಿಯಾಗಿರುವುದು ರೆಗ್ಯುಲರ್, ಊಟಕ್ಕೆಂದು ಹಾಕುವುದು. ಹಾಲಿನಂತೆ ಇರುವುದು ಎನ್‌ಪಿಎಚ್, ನಿಧಾನವಾಗಿ ಬಹಳ ಹೊತ್ತು ಕೆಲಸ ಮಾಡುವುದು. ಹತ್ತು ಎಂ.ಎಲ್. ಬಾಟಲಿಯಲ್ಲಿ 400 ಯೂನಿಟ್ ಇರುತ್ತದೆ. ಹೊರಗಡೆ ಕೊಂಡರೂ ಬಾಟಲಿಗೆ ಇನ್ನೂರು ರೂಪಾಯಿ ಆಸುಪಾಸು, ಸರ್ಕಾರ ಬೆಲೆಗೆ ಮಿತಿ ಹಾಕಿದೆ. ದಿನಕ್ಕೆ 20 ಯೂನಿಟ್ ಎಂದರೆ ತಿಂಗಳಿಗೆ 600, ಎರಡು ಬಾಟಲಿಯಲ್ಲಿ ತಿಂಗಳು ಕಳೆಯುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವುದೂ ಹೆಚ್ಚಾಗಿ ಇದೇ. ನಮ್ಮಲ್ಲಿ ಎಷ್ಟೋ ಮಕ್ಕಳು ಇದರಲ್ಲೇ ಚೆನ್ನಾಗಿ ಬೆಳೆದಿದ್ದಾರೆ. ತೊಂದರೆ ಇಲ್ಲವೆಂದಲ್ಲ. ರೆಗ್ಯುಲರ್ ಅನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಹಾಕಬೇಕು, ಆಮೇಲೆ ಊಟ ತಪ್ಪಿಸುವಂತಿಲ್ಲ. ಎನ್‌ಪಿಎಚ್‌ನಲ್ಲಿ ನಡುರಾತ್ರಿ ಸಕ್ಕರೆ ಬೀಳುವ ಭಯ ಸ್ವಲ್ಪ ಹೆಚ್ಚು. ಎರಡನ್ನೂ ಬೆರೆಸಿದ 30/70 ಬಾಟಲಿಯೂ ಇದೆ, ದಿನಕ್ಕೆ ಎರಡೇ ಸೂಜಿ. ಬೆಳೆಯುವ ಮಕ್ಕಳಿಗೆ ಅದು ನನಗೆ ಇಷ್ಟವಿಲ್ಲ, ಹಸಿವಿಗೆ ತಕ್ಕಂತೆ ಹೊಂದಿಸಲು ಬರುವುದಿಲ್ಲ. ಆದರೆ ಬೇರೆ ಏನೂ ಸಿಗದ ದಿನ ಸೂಜಿ ಬಿಡುವ ಬದಲು, ಡೋಸ್ ಎಷ್ಟು ಎಂದು ಡಾಕ್ಟರನ್ನು ಕೇಳಿ ಅದನ್ನೇ ಹಾಕಿ.

ಬದಲಾವಣೆಯನ್ನು ನೀವೇ ಮಾಡಬೇಡಿ. ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಮಕ್ಕಳ ವಿಭಾಗಕ್ಕೆ ಹೋಗಿ, ಪೆನ್ನಿನ ದುಡ್ಡು ಆಗುತ್ತಿಲ್ಲ ಎಂದು ನಾಚಿಕೆಯಿಲ್ಲದೆ ಹೇಳಿ. ಅದನ್ನು ಹೇಳದೆ ಸುಮ್ನೆ ಡೋಸ್ ಕಡಿಮೆ ಮಾಡಿಕೊಳ್ಳುವವರೇ ಜಾಸ್ತಿ, ನಮಗೆ ಗೊತ್ತೇ ಆಗುವುದಿಲ್ಲ. ಅವರು ಬಾಟಲಿಗೆ ಬದಲಿಸಿ ಬರೆದುಕೊಟ್ಟ ಚೀಟಿ ಹಿಡಿದು ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ, ಬಿಪಿಯಂಥ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್‌ಗೆ ಬನ್ನಿ. ಮಗಳ ಹೆಸರು ಬರೆಸಿ, ತಿಂಗಳಿಗೆ ಇಷ್ಟು ಬಾಟಲಿ ಎಂದು ಮೊದಲೇ ತಿಳಿಸಿ. ಔಷಧಿ ವಿಭಾಗದವರು ಇಂಡೆಂಟ್ (ಬೇಕಾದ ಔಷಧಿಯ ಬೇಡಿಕೆ ಪಟ್ಟಿ) ಹಾಕುವಾಗ ಒಂದು ಮಗುವಿನ ಲೆಕ್ಕ ಕಾಗದದಲ್ಲಿ ಇದ್ದರೆ ಅದು ಬರುತ್ತದೆ, ಬಾಯಿಮಾತು ಮರೆತುಹೋಗುತ್ತದೆ. ಸ್ಟಾಕ್ ಇಲ್ಲ ಎಂದರೆ ಅಲ್ಲಿನ ಆಡಳಿತ ವೈದ್ಯಾಧಿಕಾರಿಗೆ ಒಂದು ಅರ್ಜಿ ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಪ್ರತಿ ತಿಂಗಳು ತಾಲ್ಲೂಕಿಗೆ, ಮೂರು ತಿಂಗಳಿಗೊಮ್ಮೆ ರಾಯಚೂರಿಗೆ, ಇಷ್ಟು ಓಡಾಟ ಸಾಕು. ಶಕ್ತಿ ಯೋಜನೆ ಇರುವುದರಿಂದ ಆಧಾರ್ ತೋರಿಸಿದರೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ನಿಮಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ. ಮತ್ತೆ ಏನೇ ಆಗಲಿ, ಮನೆಯಲ್ಲಿ ಒಂದೊಂದು ಬಗೆಯಲ್ಲೂ ಒಂದು ಬಾಟಲಿ ಹೆಚ್ಚಿಗೆ ಇರಲಿ. ಬೀಜದ ಜೋಳ ತೆಗೆದಿಡುತ್ತೀರಲ್ಲ, ಹಾಗೆ.

ಬಾಟಲಿಗೆ ಬದಲಾದರೆ ಒಂದು ಅಪಾಯದ ಬಗ್ಗೆ ಎರಡು ಸಲ ಓದಿಸಿಕೊಂಡು ಕೇಳಿ. ನಮ್ಮಲ್ಲಿನ ಬಾಟಲಿ ಸಾಮಾನ್ಯವಾಗಿ 40ರ ಬಲದ್ದು, ಅಂದರೆ ಒಂದು ಎಂ.ಎಲ್.ನಲ್ಲಿ 40 ಯೂನಿಟ್, ಪೆನ್ನಿನದು 100ರದ್ದು. ಸಿರಿಂಜೂ ಎರಡು ಬಗೆ. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಪೆನ್ನಿನ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಡೋಸ್ ಹೋಗುತ್ತದೆ. ಜೀವಕ್ಕೇ ಅಪಾಯ. ಮನೆಯಲ್ಲಿ ಎರಡು ಬಗೆಯ ಸಿರಿಂಜ್ ಇಟ್ಟುಕೊಳ್ಳಬೇಡಿ. ಅಂಗಡಿಯವರು ಬೇರೆ ಬಣ್ಣ ಕೊಟ್ಟರೆ ವಾಪಸ್ ಕೊಡಿ.

ಇನ್ನು ಫ್ರಿಜ್. ಇದಕ್ಕೆ ನೀವು ಅಷ್ಟು ಹೆದರಬೇಕಿಲ್ಲ. ಇನ್ಸುಲಿನ್‌ಗೆ ಬಿಸಿಗಿಂತ ದೊಡ್ಡ ಶತ್ರು ಐಸ್. ಒಮ್ಮೆ ಗಡ್ಡೆ ಕಟ್ಟಿದರೆ ಕರಗಿದ ಮೇಲೂ ಅದು ಇನ್ಸುಲಿನ್ ಅಲ್ಲ, ನೀರು. ಆವತ್ತು ಗಡ್ಡೆ ಕಟ್ಟಿದ್ದನ್ನು ಎಸೆದಿರಿ ಎಂದುಕೊಳ್ಳುತ್ತೇನೆ. ಇಟ್ಟಿದ್ದರೆ ಇವತ್ತೇ ಎಸೆಯಿರಿ. ಬಳಸುತ್ತಿರುವ ಬಾಟಲಿಯನ್ನು 25-30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಹೊರಗೇ ಇಡಬಹುದು. ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿ ಮನೆಗಳೊಳಗಿನ ಬಿಸಿ 25ರಿಂದ 37 ಡಿಗ್ರಿಯವರೆಗೆ ಏರಿಳಿಯುತ್ತದೆ. ಅಷ್ಟೇ ಬಿಸಿಯಲ್ಲಿ ನಾಲ್ಕು ವಾರ ಇಟ್ಟು ಪರೀಕ್ಷೆ ಮಾಡಿದಾಗ ಇನ್ಸುಲಿನ್ ಚೆನ್ನಾಗಿಯೇ ಇತ್ತು. ಆ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ನಿಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುತ್ತದೆ, ತಗಡಿನ ಮಾಡಿನ ಕೆಳಗೆ ಇನ್ನೂ ಜಾಸ್ತಿ. ಅದಕ್ಕೆ ಮಣ್ಣಿನ ಗಡಿಗೆ ಮಾಡಿಕೊಳ್ಳಿ.

ದೊಡ್ಡ ಗಡಿಗೆಯೊಳಗೆ ಚಿಕ್ಕದನ್ನಿಡಿ. ನಡುವೆ ಮರಳು ತುಂಬಿ ಬೆಳಗ್ಗೆ ಸಂಜೆ ನೀರು ಹಾಕಿ. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಚಿಕ್ಕ ಗಡಿಗೆಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ. ನೆರಳಿದ್ದು ಗಾಳಿ ಆಡುವ ಜಾಗ ಬೇಕು. ನೀರು ಆವಿಯಾಗುತ್ತಾ ಒಳಗೆ ತಂಪಾಗುತ್ತದೆ. ಮಂಗಳೂರಿನಂಥ ಜಿಗುಟು ಹವೆಯಲ್ಲಿ ಇದು ಅಷ್ಟು ನಡೆಯುವುದಿಲ್ಲ. ನಿಮ್ಮ ಒಣ ಬಿಸಿಲಿಗೆ ಹೇಳಿ ಮಾಡಿಸಿದ ಹಾಗಿದೆ. ತೆರೆಯದ ಬಾಟಲಿಗಳು ಅಂಗಡಿಯ ಫ್ರಿಜ್‌ನಲ್ಲೇ ಇರಲಿ, ಆದರೆ ಐಸ್ ಕ್ರೀಮ್ ಪೆಟ್ಟಿಗೆಯಲ್ಲಿ ಅಲ್ಲ, ಫ್ರಿಜ್‌ನ ಬಾಗಿಲಿನಲ್ಲಿ. ತಿಳಿಯಾಗಿರಬೇಕಾದದ್ದು ಮಬ್ಬಾಗಿದ್ದರೆ, ಹಾಲಿನಂತೆ ಇರಬೇಕಾದದ್ದು ಕೈಯಲ್ಲಿ ಹೊರಳಿಸಿದರೂ ಕಣಕಣವಾಗಿ ಉಳಿದರೆ ಬಳಸಬೇಡಿ. ತೆರೆದ ತಾರೀಖನ್ನು ಬಾಟಲಿಯ ಮೇಲೆ ಬರೆದಿಡಿ.

ಸ್ಟ್ರಿಪ್‌ಗಳು ದುಬಾರಿ, ನಿಜ. ದಿನಕ್ಕೆ ನಾಲ್ಕು ಸಲ ನೋಡುವುದು ಒಳ್ಳೆಯದು, ಆದರೆ ನಿಮ್ಮಿಂದ ದಿನಕ್ಕೆ ಒಂದೇ ಆಗುವುದಾದರೆ ಹೊತ್ತು ಬದಲಿಸಿ. ಇವತ್ತು ಬೆಳಗಿನ ಊಟಕ್ಕೆ ಮುಂಚೆ, ನಾಳೆ ಮಧ್ಯಾಹ್ನ, ನಾಡಿದ್ದು ರಾತ್ರಿ, ವಾರಕ್ಕೊಮ್ಮೆ ನಡುರಾತ್ರಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದು ತಂದರೆ ಡಾಕ್ಟರಿಗೆ ಇಡೀ ದಿನದ ಚಿತ್ರ ಸಿಗುತ್ತದೆ. ಜ್ವರ, ವಾಂತಿ ಇದ್ದ ದಿನ, ಮಗು ಬೆವರಿ ನಡುಗಿದಾಗ ಮಾತ್ರ ಸ್ಟ್ರಿಪ್ ಖರ್ಚಿನ ಲೆಕ್ಕ ನೋಡಬೇಡಿ. ಜ್ವರದಲ್ಲಿ ಊಟ ಬಿಟ್ಟಳು ಎಂದು ಸೂಜಿ ಬಿಡುವುದೂ ತಪ್ಪು. ಡೋಸ್ ಎಷ್ಟು ಎಂದು ಕೇಳಿ ಹಾಕಬೇಕು. ವಾಂತಿ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ, ಕಾಯಬೇಡಿ.

ಊಟದ ಬಗ್ಗೆ ಬಹಳ ಹೇಳುವುದಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ, ಮೊಟ್ಟೆ, ಶೇಂಗಾ ಚಟ್ನಿ, ನಿಮ್ಮ ಮನೆಯ ಊಟವೇ ಒಳ್ಳೆಯ ಊಟ. ಹೊತ್ತಿಗೆ ಸರಿಯಾಗಿ, ಹೊಟ್ಟೆ ತುಂಬ ಕೊಡಿ. ಹೆದರಿಕೊಂಡು ಅರೆಹೊಟ್ಟೆಯಲ್ಲಿಟ್ಟರೆ ಹುಡುಗಿ ಬೆಳೆಯುವುದಿಲ್ಲ.

ಶಾಲೆಯವರ ಭಯ ಸಕ್ಕರೆ ಬೀಳುವುದರ ಬಗ್ಗೆ, ಅದು ನ್ಯಾಯವಾದ ಭಯ. ಹೊಣೆ ಅಲ್ಲ ಎಂದವರ ಜೊತೆ ಜಗಳಕ್ಕಿಂತ, ಏನು ಮಾಡಬೇಕೆಂದು ತೋರಿಸಿಕೊಡುವುದು ಬೇಗ ಫಲ ಕೊಡುತ್ತದೆ. ಮಗು ಬೆವರಿದರೆ, ನಡುಗಿದರೆ, ಸುಮ್ಮಸುಮ್ಮನೆ ಸಿಟ್ಟಾದರೆ, ಮಂಕಾದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸುವುದು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ. ಸರಿಯಾದ ಮೇಲೆ ಏನಾದರೂ ತಿನ್ನಿಸುವುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹೊಯ್ಯಬಾರದು, ಉಸಿರುಗಟ್ಟುತ್ತದೆ. ಮಗ್ಗುಲಾಗಿ ಮಲಗಿಸಿ, ಒದ್ದೆ ಬೆರಳಿನಲ್ಲಿ ಸಕ್ಕರೆಯನ್ನು ಕೆನ್ನೆಯ ಒಳಗೆ ಸವರಿ, 108 ಕರೆಯುವುದು. ಇದನ್ನು ಒಂದು ಹಾಳೆಯಲ್ಲಿ ಡಾಕ್ಟರಿಂದ ಬರೆಸಿ ಸಹಿ ಹಾಕಿಸಿ ಹೆಡ್‌ಮಾಸ್ತರರಿಗೆ ಕೊಡಿ, ಸಕ್ಕರೆ ಪೊಟ್ಟಣವನ್ನೂ ಕೊಡಿ. ಸೂಜಿ ಹಾಕಿಕೊಳ್ಳಲು, ಸಕ್ಕರೆ ನೋಡಿಕೊಳ್ಳಲು, ನಡುವೆ ತಿನ್ನಲು ಇಂಥ ಮಕ್ಕಳಿಗೆ ಶಾಲೆಯಲ್ಲಿ ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ಅಗತ್ಯ ಬಿದ್ದರೆ ಅದನ್ನೂ ಹೇಳಿ. ಬಿಸಿಯೂಟವನ್ನು ಎಲ್ಲರ ಜೊತೆ ಕೂತು ಉಣ್ಣಲಿ.

ಕೊನೆಗೆ ಗುಳೆ. ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸೂಜಿ ನಿಲ್ಲಿಸಬೇಕು ಎನ್ನುವವರ ಹತ್ತಿರ ಮಗಳನ್ನು ಬಿಟ್ಟು ಹೋಗಬೇಡಿ, ಅವರು ಎಷ್ಟೇ ಮುದ್ದು ಮಾಡಿದರೂ. ಆದರೆ ಅಷ್ಟಕ್ಕೇ ಬಿಡಬೇಡಿ. ಮುಂದಿನ ಸಲ ರಾಯಚೂರಿಗೆ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಸೊಸೆ ಹೇಳಿದರೆ ಕೇಳದ ಮಾತನ್ನು ಎಷ್ಟೋ ಅಜ್ಜಿಯರು ವಾರ್ಡಿನಲ್ಲಿ ಇನ್ನೊಬ್ಬ ಅಜ್ಜಿ ಹೇಳಿದಾಗ ಕೇಳಿದ್ದಾರೆ. ಒಪ್ಪಿಕೊಂಡ ಅಜ್ಜಿಯಷ್ಟು ಕಟ್ಟುನಿಟ್ಟಾಗಿ ಸೂಜಿ ಹಾಕುವವರನ್ನು ನಾನು ನೋಡಿಲ್ಲ. ಓದು ಬಾರದಿದ್ದರೆ ಸಿರಿಂಜಿನ ಗೆರೆಯ ಮೇಲೆ ಉಗುರುಬಣ್ಣದ ಗುರುತು ಹಾಕಿಕೊಡಬಹುದು.

ದೀಪಾವಳಿಯೊಳಗೆ ಅವರು ಒಪ್ಪದಿದ್ದರೆ ಮಗಳು ನಿಮ್ಮ ಜೊತೆ ಬರಲಿ. ಶಾಲೆ ತಪ್ಪುತ್ತದೆ, ಶೆಡ್ಡಿನಲ್ಲಿ ಇರಬೇಕಾಗುತ್ತದೆ, ನನಗೆ ಗೊತ್ತು. ಕೆಲಸದ ಜಾಗದ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿ, ವರ್ಷದ ನಡುವೆ ಹೋದರೂ ಸೇರಿಸಿಕೊಳ್ಳಬೇಕು. ಹೊರಡುವ ಮುಂಚೆ ಎರಡು ತಿಂಗಳ ಇನ್ಸುಲಿನ್ ಕೇಳಿ ತೆಗೆದುಕೊಳ್ಳಿ. ಡಿಸ್ಚಾರ್ಜ್ ಹಾಳೆ, ಈಗಿನ ಡೋಸ್ ಚೀಟಿ, ರೇಷನ್ ಕಾರ್ಡ್, ಆಧಾರ್, ಆರೋಗ್ಯ ಕಾರ್ಡ್, ಎಲ್ಲದರ ಫೋಟೋ ಫೋನಿನಲ್ಲಿರಲಿ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಸಕ್ಕರೆ ಕಾಯಿಲೆಗೆಂದೇ ಸರ್ಕಾರದ ಕರ್ನಾಟಕ ಅಂತಃಸ್ರಾವ ಸಂಶೋಧನಾ ಸಂಸ್ಥೆಯೂ ಇದೆ, ಜನ ಡಯಾಬಿಟಿಸ್ ಆಸ್ಪತ್ರೆ ಎನ್ನುತ್ತಾರೆ. ಹೋದ ಮೊದಲ ವಾರದಲ್ಲೇ ಒಂದು ಕಡೆ ಹೆಸರು ಬರೆಸಿ. ಬಾಟಲಿ ಖಾಲಿಯಾಗುವವರೆಗೆ ಕಾಯಬೇಡಿ. ಗಡಿಗೆ ಅಲ್ಲೂ ಸಿಗುತ್ತದೆ. ಬಸ್ಸಿನಲ್ಲಿ ಇನ್ಸುಲಿನ್ ನಿಮ್ಮ ಕೈಚೀಲದಲ್ಲಿರಲಿ, ಮೇಲಿನ ಗಂಟಿನಲ್ಲಿ ಬೇಡ.

ಮಗಳಿಗೆ 9 ವರ್ಷ. ಈಗಲೇ ಅವಳ ಕೈಗೆ ಸೂಜಿ ಕೊಟ್ಟು, ನೀವು ಪಕ್ಕದಲ್ಲಿ ಕೂತು ಕಲಿಸಿ. ಡೋಸ್ ಎಳೆಯುವುದನ್ನು ಇನ್ನೂ ಕೆಲವು ವರ್ಷ ದೊಡ್ಡವರು ನೋಡಲೇಬೇಕು. ಹಾಗೆಯೇ ನಿಮಗೆ ಈ ಪತ್ರ ಬರೆದುಕೊಟ್ಟ ಹುಡುಗನಿಗೂ, ಅವನು ಒಪ್ಪಿದರೆ, ಸಿರಿಂಜಿನ ಗೆರೆ ಓದುವುದನ್ನು, ಸಕ್ಕರೆ ಬಿದ್ದಾಗ ಏನು ಮಾಡಬೇಕೆನ್ನುವುದನ್ನು ಹೇಳಿಕೊಡಿ. ನಿಮಗೆ ಜ್ವರ ಬಂದು ಮಲಗಿದ ದಿನ ಮಗಳ ಡೋಸ್ ನೋಡಿ ಹೇಳಲು ಬೀದಿಯಲ್ಲಿ ಇನ್ನೊಬ್ಬರು ಬೇಕು.